ಚೌತಿಗೂ ದೊಡ್ಡಬ್ಬಕ್ಕೂ ಹಾಸ್ಟೆಲಿನಿಂದ ಊರಿಗೆ ಹೋಗಿ ಬರುವ ಕ್ರಮ: ಸಮಗ್ರ ಮಾರ್ಗದರ್ಶಿ

ಮೂರು ದಿನದ ರಜೆಗೆಂದು ಊರಿಗೆ ಹೋದವರು ಒಂಬತ್ತನೇ ದಿನ ಹಾಸ್ಟೆಲಿಗೆ ಮರಳುತ್ತಾರೆ. ಬ್ಯಾಗಿನ ತಳದಲ್ಲಿ ಮಿಡಿ ಉಪ್ಪಿನಕಾಯಿಯ ರಸ, ಆ ರಸದಲ್ಲಿ ನೆನೆದ ಲ್ಯಾಬ್ ರೆಕಾರ್ಡ್. ನೋಟಿಸ್ ಬೋರ್ಡಿನಲ್ಲಿ ಅಟೆಂಡೆನ್ಸ್ ಕೊರತೆಯವರ ಪಟ್ಟಿ, ಪಟ್ಟಿಯಲ್ಲಿ ಅವರದೇ ಹೆಸರು. ಬೆಂಗಳೂರು, ಹುಬ್ಬಳ್ಳಿ, ಧಾರವಾಡದ ಹಾಸ್ಟೆಲುಗಳಲ್ಲಿರುವ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳಿಗೆ ಇದು ವರ್ಷವರ್ಷದ ವ್ರತವಾಗಿಬಿಟ್ಟಿದೆ. ಕರಾವಳಿಯವರಿಗೆ ಚೌತಿಯಲ್ಲಿ, ಘಟ್ಟದ ಮೇಲಿನವರಿಗೆ ದೊಡ್ಡಬ್ಬದಲ್ಲಿ, ಅಂದರೆ ದೀಪಾವಳಿಯಲ್ಲಿ. ಮನೆ ಸಿದ್ದಾಪುರ, ಅಜ್ಜನಮನೆ ಕುಮಟಾ ಆಗಿದ್ದವರಿಗೆ ಎರಡೂ ಬಿಡುವ ಹಾಗಿಲ್ಲ. ಅವರ ಅಟೆಂಡೆನ್ಸ್ ದೇವರಿಗೇ ಪ್ರೀತಿ.

ಸೋಲುವವರೆಲ್ಲ ಹೊರಡುವ ದಿನದಿಂದ ಲೆಕ್ಕ ಶುರು ಮಾಡುತ್ತಾರೆ. ಎಣಿಸಬೇಕಾದದ್ದು ಮರಳಿದ ದಿನದ ಮೊದಲ ಕ್ಲಾಸಿನಿಂದ, ಹಿಂದು ಹಿಂದಕ್ಕೆ. ಅದಕ್ಕೇ ಕೆಳಗಿನ ಹಂತಗಳು ಮರಳುವ ದಿನದಿಂದ ಶುರುವಾಗುತ್ತವೆ. ಮೇಲೆ ಕೆಳಗೆ ಮಾಡಬೇಡಿ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

- ಕ್ಲಾಸಿನ ಟೈಮ್‌ಟೇಬಲ್, ವಿಷಯವಾರು ಅಟೆಂಡೆನ್ಸ್ ಲೆಕ್ಕ
- ಆಧಾರ್ ಜೋಡಿಸಿದ ಐಆರ್‌ಸಿಟಿಸಿ ಖಾತೆ. ಟಿಕೆಟ್ ಮಾಡುವ ದಿನ ಕೂತು ಜೋಡಿಸುತ್ತೇನೆ ಅಂದರೆ ಆಗುವುದಿಲ್ಲ
- ಸ್ಕ್ರೂ ಮುಚ್ಚಳದ, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ 2, ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ 1. ಹೋಗುವಾಗಲೇ ಖಾಲಿ ಒಯ್ಯಿರಿ. ಕಳೆದ ಸಲ ಒಯ್ದ ಸ್ಟೀಲ್ ಡಬ್ಬಿಗಳು ವಾಪಸು ಬಂದಿಲ್ಲ ಎಂಬ ಲೆಕ್ಕ ಆಯಿಯ (ಅಮ್ಮನ) ಹತ್ತಿರ ಪಕ್ಕಾ ಇರುತ್ತದೆ
- ದಪ್ಪ ಪ್ಲಾಸ್ಟಿಕ್ ಚೀಲ 6, ರಬ್ಬರ್ ಬ್ಯಾಂಡ್, ಹಳೆ ಪೇಪರ್
- ಹಾಳಾದರೆ ಹೋಗಲಿ ಅನ್ನುವಂಥ ಹಳೆ ಅಂಗಿ, ಚಡ್ಡಿ ಒಂದು ಜೊತೆ
- ಪವರ್ ಬ್ಯಾಂಕ್

ಹಂತ 1: ಮರಳುವ ದಿನ ಗೊತ್ತುಮಾಡಿ

ಮನೆಗೆ ಫೋನ್ ಮಾಡಿ ಕೇಳಬೇಕಾದ ಮೊದಲ ಪ್ರಶ್ನೆ: ಈ ಸಲ ಗಣಪತಿ ಎಷ್ಟು ದಿನ? ಕರಾವಳಿಯಲ್ಲಿ ಒಂದೂವರೆ ದಿನ, ಐದು ದಿನ, ಏಳು ದಿನ ಎಂದು ಮನೆಮನೆಗೂ ಬೇರೆ ಬೇರೆ. 2026ರಲ್ಲಿ ಚೌತಿ ಸೆಪ್ಟೆಂಬರ್ 14, ಸೋಮವಾರ. ಒಂದೂವರೆ ದಿನದ ಗಣಪತಿಯಾದರೆ 15ಕ್ಕೆ ವಿಸರ್ಜನೆ, 16ರ ರಾತ್ರಿ ಹೊರಟರೆ 17ರ ಗುರುವಾರ ಬೆಳಿಗ್ಗೆ ಕ್ಲಾಸು. ಐದು ದಿನದ ಗಣಪತಿಯಾದರೆ ವಿಸರ್ಜನೆ 18, ಶುಕ್ರವಾರ. ಆ ಮನೆಯವರು ಭಾನುವಾರಕ್ಕೆ ಮೊದಲು ಬಸ್ಸು ಹತ್ತಿದ ದಾಖಲೆ ಇಲ್ಲ.

ಉತ್ತರ ಸಿಕ್ಕಿದ ಕೂಡಲೇ ಮರಳುವ ದಿನವನ್ನು ಅಪ್ಪನಿಗೂ ಆಯಿಗೂ ಒಟ್ಟಿಗೆ ಹೇಳಿ. ಒಬ್ಬರಿಗೇ ಹೇಳಿದರೆ ಹೊರಡುವ ದಿನ ಬೆಳಿಗ್ಗೆ ಇನ್ನೊಬ್ಬರು 'ಇವತ್ತೇ ಹೋಗುವುದು ಎಂತಕೆ?' ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವುದರೊಳಗೆ ಬಸ್ಸು ಹೋಗಿರುತ್ತದೆ.

ಹಂತ 2: ಅಟೆಂಡೆನ್ಸ್ ಲೆಕ್ಕ

ಹೆಚ್ಚಿನ ಡಿಗ್ರಿ ಕಾಲೇಜುಗಳಲ್ಲಿ ಮಿತಿ ಶೇ. 75. ಇದನ್ನು ಒಟ್ಟಾರೆ ಎಣಿಸುವುದು ಮೊದಲ ತಪ್ಪು, ಪ್ರತಿ ವಿಷಯಕ್ಕೂ ಬೇರೆ ಬೇರೆ ಎಣಿಸಬೇಕು. ಸುಲಭ ಸೂತ್ರ ಇದು: ನೀವು ಕೂತ ಕ್ಲಾಸುಗಳ ಸಂಖ್ಯೆಯನ್ನು 3ರಿಂದ ಭಾಗಿಸಿ. ಬಂದ ಉತ್ತರದಷ್ಟು ಕ್ಲಾಸು ತಪ್ಪಿಸಬಹುದು, ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಉದಾಹರಣೆಗೆ ಇದುವರೆಗೆ 30 ಕ್ಲಾಸು ನಡೆದು, 24ಕ್ಕೆ ಕೂತಿದ್ದೀರಿ. ಶೇ. 80 ಇದೆ ಎಂದು ಎದೆಯುಬ್ಬಿಸಿ ಓಡಾಡುತ್ತಿದ್ದೀರಿ. 24ನ್ನು ಮೂರರಿಂದ ಭಾಗಿಸಿದರೆ 8. ಆರನ್ನು ಆಗಲೇ ತಿಂದಾಗಿದೆ, ಉಳಿದದ್ದು ಎರಡೇ. ಹಬ್ಬಕ್ಕೆ ಹೋಗಿ ನಾಲ್ಕು ತಪ್ಪಿಸಿದರೆ 34ಕ್ಕೆ 24, ಸುಮಾರು ಶೇ. 70.6. ಮಿತಿಗಿಂತ ಕೆಳಗಿಳಿದ ಒಂದೊಂದು ಕ್ಲಾಸಿಗೂ ಮೂರು ಕ್ಲಾಸು ಬಿಡದೆ ಕೂತರೆ ಮಾತ್ರ ಮತ್ತೆ 75. ಎರಡು ಹೆಚ್ಚು ತಪ್ಪಿಸಿದ್ದಕ್ಕೆ ಆರು ಕ್ಲಾಸು ಸತತ ಹಾಜರಿ. ಮಳೆಗಾಲದ ಮಧ್ಯಾಹ್ನ ಊಟವಾದ ಮೇಲಿನ ಕ್ಲಾಸಿನಲ್ಲಿ ಆರು ಸಲ ಎಚ್ಚರವಿರುವುದು ಎಂಥ ತಪಸ್ಸು ಎಂದು ಕೂತವರಿಗೇ ಗೊತ್ತು.

ಪ್ರಾಕ್ಟಿಕಲ್ ಇನ್ನೂ ಮೋಸ. ಸೆಮಿಸ್ಟರಿಗೆ 12 ಪ್ರಾಕ್ಟಿಕಲ್ ಎಂದುಕೊಂಡರೆ ತಪ್ಪಿಸಲು ಸಿಗುವುದು ಮೂರೇ. ನಾಲ್ಕಾದರೆ ಶೇ. 66ರ ಆಸುಪಾಸು. ಶನಿವಾರ ಪ್ರಾಕ್ಟಿಕಲ್ ಇರುವ ಬ್ಯಾಚಿನವರು ಶುಕ್ರವಾರ ರಾತ್ರಿಯ ಬಸ್ಸಿನ ಕನಸು ಕಾಣುವ ಮೊದಲು ಇದನ್ನು ನೋಡಿ. ವಿಟಿಯು ಕಾಲೇಜಿನವರಿಗೆ ಮಿತಿ ಶೇ. 85. ಅಲ್ಲಿ ಕೂತ ಕ್ಲಾಸನ್ನು 17ರಿಂದ ಭಾಗಿಸಿ 3ರಿಂದ ಗುಣಿಸಿ. 24ಕ್ಕೆ ಕೂತಿದ್ದರೆ ನಾಲ್ಕು, ನೀವು ಆಗಲೇ ಆರು ತಪ್ಪಿಸಿದ್ದೀರಿ. ಊರಿನಿಂದ ಪ್ರಸಾದ ತರಿಸಿಕೊಳ್ಳಿ.

ಎಚ್ಚರಿಕೆಯ ಗುರುತು: ಗೆಳೆಯರ ಗುಂಪಿನಲ್ಲಿ 'ನಾಳೆ ಯಾರೂ ಬರೂದಿಲ್ಲ, ಮಾಸ್ ಬಂಕ್' ಎಂಬ ಮಾತು ಹಬ್ಬಿದರೆ ನಂಬಬೇಡಿ. ಆ ದಿನ ಕ್ಲಾಸಿಗೆ ಹೋಗುವ ನಾಲ್ಕು ಜನರಲ್ಲಿ ಆ ಮಾತು ಹಬ್ಬಿಸಿದವನು ಖಂಡಿತ ಇರುತ್ತಾನೆ.

ಹಂತ 3: ಟಿಕೆಟ್

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ. ಪ್ರಯಾಣದ ದಿನವನ್ನು ಬಿಟ್ಟು ಎಣಿಸಬೇಕು, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಸೆಪ್ಟೆಂಬರ್ 11ರ ಶುಕ್ರವಾರ ಬೆಂಗಳೂರು ಬಿಡುವುದಾದರೆ ಜುಲೈ 13. ಸೆಪ್ಟೆಂಬರ್ 16ರ ರಾತ್ರಿ ಊರಿನಿಂದ ಮರಳುವುದಾದರೆ ಜುಲೈ 18.

ಈ ಐದು ದಿನದ ಅಂತರದಲ್ಲೇ ಬಹಳ ಜನ ಹಳ್ಳಕ್ಕೆ ಬೀಳುವುದು. 13ಕ್ಕೆ ಹೋಗುವ ಟಿಕೆಟ್ ಸಿಕ್ಕಿತು ಎಂದು ಕ್ಯಾಂಟೀನಿನಲ್ಲಿ ಚಹಾ ಕುಡಿಸುತ್ತಾರೆ, 18 ಮರೆತುಹೋಗುತ್ತದೆ. ಎರಡಕ್ಕೂ ಮೊಬೈಲಿನಲ್ಲಿ ಅಲಾರಂ ಇಡಿ. ಮರಳುವ ದಿನದ್ದಕ್ಕೆ ಎರಡು ಅಲಾರಂ.

ಯಾವ ದಾರಿ ಎಂಬುದು ಮನೆ ಎಲ್ಲಿದೆ ಎಂಬುದರ ಮೇಲೆ.

ಕರಾವಳಿಯವರಿಗೆ ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ (16595) ಇದೆ. ಭಟ್ಕಳ, ಹೊನ್ನಾವರ, ಕುಮಟಾ ದಾಟಿ ಬೆಳಿಗ್ಗೆ ಕಾರವಾರ. ಸ್ಟೇಷನ್ನಿನ ಹೆಸರು ನೋಡಿ ಮೋಸಹೋಗಬೇಡಿ. ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ. ಗೋಕರ್ಣ ರೋಡ್‌ನಲ್ಲಿ ಇಳಿದರೆ ಸಿಗುವುದು ರೋಡು, ಗೋಕರ್ಣಕ್ಕೆ ಇನ್ನೂ ಹತ್ತು ಕಿ.ಮೀ.ನಷ್ಟು ಹೋಗಬೇಕು. ಇಳಿದ ಮೇಲೆ ರಿಕ್ಷಾಕ್ಕೆ ಬೇಕಾಗುವ ಚಿಲ್ಲರೆಯನ್ನು ಟಿಕೆಟ್ಟಿನ ಲೆಕ್ಕದಲ್ಲೇ ತೆಗೆದಿಡಿ.

ಶಿರಸಿ, ಸಿದ್ದಾಪುರದವರಿಗೆ ಮೈಸೂರಿನಿಂದ ಬೆಂಗಳೂರು ಮೇಲೆ ಹೋಗುವ ತಾಳಗುಪ್ಪದ ರಾತ್ರಿ ರೈಲು. ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿದು ಬಸ್ಸು ಹಿಡಿದರೆ ಸಿದ್ದಾಪುರ ಹತ್ತಿರವೇ. ಶಿರಸಿಗೆ ರೈಲಿಲ್ಲ. ಐಆರ್‌ಸಿಟಿಸಿಯಲ್ಲಿ ಹುಡುಕುತ್ತ ಕೂರಬೇಡಿ.

ಹುಬ್ಬಳ್ಳಿ, ಧಾರವಾಡದವರಿಗೆ ಬಸ್ಸೇ ಸೈ. ಶಿರಸಿಗೆ ಮುಂಡಗೋಡ ಮೇಲೆ, ಕಾರವಾರಕ್ಕೆ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಮೇಲೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಆದರೆ ಶೂನ್ಯ ಟಿಕೆಟ್ ಕೇಳಿ ಪಡೆಯಲೇಬೇಕು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಬಸ್ಸು ಉಚಿತವಾದ ಮಾತ್ರಕ್ಕೆ ಸೀಟು ಸಿಕ್ಕೀತು ಎಂದೇನಿಲ್ಲ. ಹಬ್ಬದ ಹಿಂದಿನ ಸಂಜೆ ಹುಬ್ಬಳ್ಳಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಒಳಗೆ ಬಿದ್ದಿರುತ್ತದೆ.

ತತ್ಕಾಲ್ ಕೊನೆಯ ದಾರಿ. ಪ್ರಯಾಣದ ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರಿಗೆ 11 ಗಂಟೆ. 2025ರ ಜುಲೈಯಿಂದ ಆಧಾರ್ ದೃಢೀಕರಿಸಿದ ಖಾತೆಗೆ ಮಾತ್ರ. 11 ಗಂಟೆಗೆ ನೀವು ಕ್ಲಾಸಿನಲ್ಲಿರುತ್ತೀರಿ, ಆದ್ದರಿಂದ ಕೊನೆಯ ಬೆಂಚು ಮೊದಲೇ ಹಿಡಿದಿಟ್ಟುಕೊಳ್ಳಿ. ಆನ್‌ಲೈನಿನಲ್ಲಿ ತೆಗೆದ ಟಿಕೆಟ್ ಚಾರ್ಟ್ ಆದ ಮೇಲೂ ವೇಟಿಂಗಿನಲ್ಲೇ ಇದ್ದರೆ ತಾನಾಗಿ ರದ್ದಾಗುತ್ತದೆ. 'ಟಿಟಿ ಹತ್ರ ಮಾತಾಡ್ತೆ' ಎಂದು ಹತ್ತಬೇಡಿ, ಮಾತಾಡುವುದು ಅವರೇ.

ಹಂತ 4: ರಜೆ ಚೀಟಿ

ಇದರಲ್ಲಿ ಸುಳ್ಳು ಬರೆಯುವವರು ಪಂಚಾಂಗ ನೋಡದೆ ಬರೆಯುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಚೌತಿಯ ಸಮಯ ಚಾತುರ್ಮಾಸ. 'ಅಕ್ಕನ ಮದುವೆ' ಎಂದು ಬರೆದರೆ ಶಿರಸಿ ಕಡೆಯ ಮೇಷ್ಟರು ಕನ್ನಡಕ ತೆಗೆದು ನೋಡುತ್ತಾರೆ. ತಮ್ಮನ ಉಪನಯನವೂ ನಡೆಯುವುದಿಲ್ಲ. ಅಜ್ಜಿಯನ್ನು ಸಾಯಿಸುವವರು ಒಂದು ಮನುಷ್ಯಜನ್ಮಕ್ಕೆ ಅಜ್ಜಿಯರು ಎರಡೇ, ಸೆಮಿಸ್ಟರುಗಳು ಆರೋ ಎಂಟೋ ಎಂಬುದನ್ನು ನೆನಪಿಡಲಿ.

'ಊರಲ್ಲಿ ಗಣೇಶ ಚತುರ್ಥಿ ಇರುವುದರಿಂದ ಇಂತಿಂಥ ಎರಡು ದಿನ' ಎಂದು ನಿಜವನ್ನೇ ಬರೆಯಿರಿ. ಹೊರಡುವ ಎರಡು ದಿನ ಮೊದಲು ಕೊಡಿ, ಒಂದು ಪ್ರತಿ ವಾರ್ಡನ್ನಿಗೆ. ಹೊರಡುವ ಸಂಜೆ ಕೊಟ್ಟರೆ ಸಹಿ ಮಾಡುವವರೇ ತಮ್ಮ ಊರಿನ ಬಸ್ಸು ಹತ್ತಿರುತ್ತಾರೆ.

ಹಂತ 5: ಹೋಗುವಾಗಿನ ಬ್ಯಾಗು

ಒಂದು ತಿಂಗಳ ಕೊಳೆ ಬಟ್ಟೆಯನ್ನೆಲ್ಲ ಊರಿಗೆ ಹೊರುವುದು ದೀಪಾವಳಿಗಾದರೆ ಅಡ್ಡಿಯಿಲ್ಲ. ಚೌತಿಗೆ ಮಾತ್ರ ಬೇಡ. ಭಾದ್ರಪದದ ಮಳೆಯಲ್ಲಿ ಜೀನ್ಸ್ ಪ್ಯಾಂಟು ಒಣಗಲು ಮೂರು ದಿನವಾದರೂ ಬೇಕು. ನೀವು ಹೊರಡುವ ಗಂಟೆಗೂ ಸೊಂಟದ ಪಟ್ಟಿ, ಜೇಬು ಒದ್ದೆಯೇ. ಆಗ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸುತ್ತಾರೆ. ಒಣಗುವುದೇನೋ ಹೌದು, ಮುಂದಿನ ಎರಡು ವಾರ ನೀವು ಕ್ಲಾಸಿಗೆ ಹೋದರೆ ಅಕ್ಕಪಕ್ಕದವರು ಎಲ್ಲೋ ಸೌದೆ ಉರಿಯುತ್ತಿದೆ ಎಂದು ಮೂಗು ಅರಳಿಸುತ್ತಾರೆ. ಟೀ ಶರ್ಟು, ಟವೆಲ್ಲಿನಂಥ ತೆಳು ಬಟ್ಟೆ ಮಾತ್ರ ಒಯ್ಯಿರಿ.

ಪುಸ್ತಕ ಒಂದು ಸಾಕು. ನಾಲ್ಕು ಒಯ್ದರೂ ತೆರೆಯುವುದು ಸೊನ್ನೆ. ಒಂದನ್ನಾದರೂ ಮೇಜಿನ ಮೇಲೆ ಕಾಣುವಂತೆ ಇಡಬಹುದು, ನೋಡಿದವರಿಗೆ ಸಮಾಧಾನ.

ಹಂತ 6: ಘಟ್ಟ ದಾಟುವುದು

ತಲೆ ತಿರುಗುವವರು ಬಸ್ಸಿನ ಮುಂದಿನ ಅರ್ಧದಲ್ಲಿ ಕೂರಿ, ಹಿಂದಿನ ಗಾಲಿಯ ಮೇಲಿನ ಸೀಟು ಬೇಡ. ವಾಂತಿ ತಡೆಯುವ ಮಾತ್ರೆ ನುಂಗುವವರು ಯಲ್ಲಾಪುರ ಬರುವುದಕ್ಕೆ ಮೊದಲೇ ನುಂಗಿರಬೇಕು, ಅರಬೈಲ್ ತಿರುವಿನಲ್ಲಿ ನುಂಗಿದ ಮಾತ್ರೆ ಅದೇ ತಿರುವಿನಲ್ಲಿ ಹೊರಬರುತ್ತದೆ. ಮೊಬೈಲು ನೋಡಬೇಡಿ, ದೂರದ ಗುಡ್ಡ ನೋಡಿ.

ಮಳೆಗಾಲದಲ್ಲಿ ಹೊರಡುವ ಬೆಳಿಗ್ಗೆ ದಾರಿ ತೆರೆದಿದೆಯೇ ಎಂದು ಮನೆಗೆ ಕೇಳಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ಈ ಒಂದು ವಿಷಯದಲ್ಲಿ ತಮಾಷೆ ಬೇಡ. ದೇವಿಮನೆ ಘಟ್ಟದ ಮೇಲೆ ಶಿರಸಿ–ಕುಮಟಾ ರಸ್ತೆ ಬಂದಾದರೆ ಬದಲಿ ದಾರಿ ಎರಡು: ಸಿದ್ದಾಪುರ, ಮಾವಿನಗುಂಡಿ, ಹೊನ್ನಾವರ, ಇಲ್ಲವೇ ಯಲ್ಲಾಪುರ, ಅರಬೈಲ್, ಅಂಕೋಲಾ. ಎರಡೂ ಸುತ್ತು ಬಳಸಿನ ದಾರಿ, ಅದಕ್ಕೆ ಬೇಕಾದ ಹೊತ್ತು ಇಟ್ಟುಕೊಂಡೇ ಹೊರಡಿ.

ಹಂತ 7: ಮನೆಯಲ್ಲಿ

ಮೊದಲ ದಿನ ನೀವು ನೆಂಟರು, ಎರಡನೇ ದಿನದಿಂದ ಆಳು. ಆದ್ದರಿಂದ ಕೆಲಸ ಬರುವ ಮೊದಲೇ ಒಳ್ಳೆಯದೊಂದನ್ನು ಕೇಳಿ ಹಿಡಿದುಕೊಳ್ಳಿ.

ಚೌತಿಗೆ ಮುಂಚೆ ಊರಿನಲ್ಲಿ ಚಕ್ಕುಲಿ ಕಂಬಳ (ಎಲ್ಲರೂ ಸೇರಿ ಚಕ್ಕುಲಿ ಮಾಡುವ ಕೂಟ) ಇದ್ದರೆ ಸುತ್ತಿದ ಚಕ್ಕುಲಿಯನ್ನು ಬಾಣಲೆಯ ತನಕ ಸಾಗಿಸುವ ಕೆಲಸ ಹಿಡಿಯಿರಿ. ಕೈಯಲ್ಲಿ ಚಕ್ಕುಲಿ ಸುತ್ತಲು ವರ್ಷಗಟ್ಟಲೆ ಅಭ್ಯಾಸ ಬೇಕು, ಸಾಗಿಸಲು ಬೇಡ. ಬಾಣಲೆಯ ಬುಡದಲ್ಲೇ ಸುಳಿದಾಡುವುದರಿಂದ ಮುರಿದವುಗಳ ವಿಲೇವಾರಿಯೂ ನಿಮ್ಮದೇ.

ದೊಡ್ಡಬ್ಬಕ್ಕೆ ಹೋದಾಗ ಮನೆಯಲ್ಲಿ ಕೊನೆ ಕೊಯ್ಲು (ಅಡಿಕೆ ಗೊನೆ ಇಳಿಸುವುದು) ಹಿಡಿದಿದ್ದರೆ ಜಾಗ್ರತೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಅಭ್ಯಾಸವಿಲ್ಲದವರು ಕೂರಬಾರದು, ಜಾರಿದರೆ ಮೊದಲು ಹೋಗುವುದು ಹೆಬ್ಬೆರಳು. ಮುಂದಿನ ವಾರದ ಇಂಟರ್ನಲ್ಸ್ ಬರೆಯಲು ಅದು ಬೇಕು. ಉದುರಡಿಕೆ ಹೆಕ್ಕುವುದು ಸುಲಭ, ಆದರೆ ತೋಟದಲ್ಲಿ ತೇವ ಇದ್ದರೆ ಉಂಬಳ (ಜಿಗಣೆ) ಹತ್ತುತ್ತದೆ. ಕಿತ್ತೆಳೆಯಬೇಡಿ, ಉಪ್ಪು ಇಲ್ಲವೇ ಕವಳದ ಸುಣ್ಣ ಮುಟ್ಟಿಸಿದರೆ ಬಿಡುತ್ತದೆ. ಹಸಿ ಅಡಿಕೆಯ ಕಲೆ, ಬೇಯಿಸಿದ ಅಡಿಕೆಯ ಚೊಗರು ಬಟ್ಟೆಗೆ ತಾಗಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಹಳೆ ಅಂಗಿ ತರಹೇಳಿದ್ದು ಇದಕ್ಕೇ. ಕಾಲೇಜಿನ ಹೆಸರಿರುವ ಟೀ ಶರ್ಟು ಹಾಕಿಕೊಂಡು ತೋಟಕ್ಕೆ ಇಳಿಯುವವರು ಪ್ರತಿ ವರ್ಷ ಇದ್ದಾರೆ.

ಸಬ್ಮಿಷನ್: ಕಣಿವೆಯ ಮನೆಗಳಲ್ಲಿ ಸಿಗ್ನಲ್ ಸಿಗುವ ಜಾಗ ನಿಗದಿಯಾಗಿರುತ್ತದೆ. ಕೊಟ್ಟಿಗೆಯ ಹಿಂದೆ, ಬೇಣದ ಕಲ್ಲಿನ ಮೇಲೆ, ಇಲ್ಲವೇ ದರೆ ಹತ್ತಿದ ಮೇಲೆ. ತಲುಪಿದ ದಿನವೇ ಆ ಜಾಗ ಈಗಲೂ ಕೆಲಸ ಮಾಡುತ್ತದೆಯೇ ನೋಡಿ. ಫೈಲನ್ನು ಹಾಸ್ಟೆಲಿನಲ್ಲೇ ಕುಗ್ಗಿಸಿ ತನ್ನಿ. ಬಣ್ಣದ ಸ್ಕ್ಯಾನ್ ಬೇಡ, ಕಪ್ಪುಬಿಳುಪು ಸಾಕು. ಅಪ್‌ಲೋಡಿಗೆ ಬೆಳಗಿನ ಹೊತ್ತು ಒಳ್ಳೆಯದು, ಸಂಜೆಯಾದರೆ ಕಲ್ಲಿನ ಮೇಲೆ ಪಕ್ಕದ ಮನೆಯವರು ಬೆಂಗಳೂರಿನ ಮಗನೊಡನೆ ವಿಡಿಯೊದಲ್ಲಿ ಮಾತಾಡುತ್ತಿರುತ್ತಾರೆ. ಗಡುವು ರಾತ್ರಿ 11:59 ಎಂದಿದ್ದರೆ ಅದನ್ನು ಬೆಳಿಗ್ಗೆ 7 ಎಂದು ಓದಿಕೊಳ್ಳಿ. ಮಳೆ ಗಾಳಿ ಬಂದು ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ಮಲಗುತ್ತದೆ.

ನೆಂಟರ ಪ್ರಶ್ನೆಗಳು ಮೂರೇ: 'ತಮಾ, ಯಾವಾಗ ಬಂದೆ?', 'ಯಾವಾಗ ವಾಪಸ್?', 'ಕ್ಯಾಂಪಸ್ ಆತ?' ಮೊದಲೆರಡಕ್ಕೆ ತಾರೀಖು ಹೇಳಿ. ಮೂರನೆಯದಕ್ಕೆ 'ಇನ್ನೂ ಎರಡು ಕಂಪನಿ ಬರೂದಿದ್ದು' ಎಂದು ಹೇಳಿ ಪಾಯಸದ ಪಾತ್ರೆ ಎತ್ತಿಕೊಂಡು ಮುಂದಿನ ಪಂಕ್ತಿಗೆ ನಡೆಯಿರಿ. ಬಡಿಸುವವನನ್ನು ಯಾರೂ ನಿಲ್ಲಿಸಿ ಮಾತಾಡಿಸುವುದಿಲ್ಲ.

ಹಂತ 8: ಮರಳುವಾಗಿನ ಬ್ಯಾಗು

ರಜೆಯ ಫಲ ಇರುವುದು ಇಲ್ಲಿ, ಅತಿ ಹೆಚ್ಚು ನಷ್ಟವೂ ಇಲ್ಲೇ. ಬ್ಯಾಗನ್ನು ಹಿಂದಿನ ರಾತ್ರಿ ನೀವೇ ತುಂಬಿ. ಬಸ್ಸಿನ ಹಾರ್ನ್ ಕೇಳಿದ ಮೇಲೆ ಆಯಿ ತುಂಬಿದ ಬ್ಯಾಗಿನಲ್ಲಿ ಉಪ್ಪಿನಕಾಯಿ ಯಾವಾಗಲೂ ಲ್ಯಾಪ್‌ಟಾಪಿನ ಪಕ್ಕವೇ ಇರುತ್ತದೆ.

ಅಪ್ಪೆಮಿಡಿ (ಎಳೆ ಮಾವಿನ ಉಪ್ಪಿನಕಾಯಿ): ಸ್ಟೀಲ್ ಡಬ್ಬಿಯಲ್ಲಿ ಒಯ್ಯಬೇಡಿ. ಅದರ ಮುಚ್ಚಳ ಗಟ್ಟಿಯಾಗಿ ಕೂತಂತೆ ಕಂಡರೂ ಘಟ್ಟದ ಕುಲುಕಾಟಕ್ಕೆ ರಸ ಅಂಚಿನಿಂದ ಏರಿ ಹೊರಬರುತ್ತದೆ. ಸ್ಕ್ರೂ ಡಬ್ಬಿಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ. ಮಿಡಿಗಳೆಲ್ಲ ರಸದಲ್ಲಿ ಮುಳುಗಿರಬೇಕು, ತಲೆ ಎತ್ತಿದ ಮಿಡಿಗೆ ವಾರದಲ್ಲಿ ಬೂಷ್ಟು ಬರುತ್ತದೆ. ಬಾಯಿಗೆ ಎರಡು ಪದರ ಪ್ಲಾಸ್ಟಿಕ್ ಹಾಳೆ, ಮೇಲೆ ಮುಚ್ಚಳ, ಸುತ್ತ ರಬ್ಬರ್ ಬ್ಯಾಂಡ್, ಆಮೇಲೆ ಎರಡು ಚೀಲ. ಭರಣಿಯಿಂದ ತೆಗೆಯಲು ಒಣ ಸೌಟು. ಒದ್ದೆ ಕೈ ಹಾಕಿದರೆ ನಿಮ್ಮ ಡಬ್ಬಿ ಮಾತ್ರ ಕೆಡುವುದಲ್ಲ, ವರ್ಷದ ಭರಣಿಯೇ ಕೆಡುತ್ತದೆ. ಆಮೇಲೆ ಮುಂದಿನ ಹಬ್ಬಕ್ಕೆ ಕರೆಯುವವರಿಲ್ಲ.

ಜೋನಿ ಬೆಲ್ಲ (ಗಟ್ಟಿಯಾಗದ, ಸುರಿಯುವಂಥ ಬೆಲ್ಲ): ತೆಳುವಾಗಿದ್ದರೆ ಹುಳಿಯುತ್ತದೆ, ಗಾಳಿ ಕಟ್ಟಿ ಬಾಟಲಿ ಉಬ್ಬುತ್ತದೆ. ಮೇಲೆ ಮೂರು ಬೆರಳು ಜಾಗ ಬಿಡಿ. ಹಾಸ್ಟೆಲಿಗೆ ಬಂದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ ಗಾಳಿ ಬಿಡಿ. ಬಾಟಲಿಯ ತಳ ಹೊರಗೆ ಉಬ್ಬಿ ನಿಲ್ಲದಂತಾದರೆ ಅದೇ ಎಚ್ಚರಿಕೆಯ ಗುರುತು, ಅದನ್ನು ಬಟ್ಟೆಯ ಕಪಾಟಿನಲ್ಲಿ ತೆರೆಯಬೇಡಿ.

ತೊಡೆದೇವು: ಕಾಗದದಷ್ಟು ತೆಳುವಾದ ಸಿಹಿತಿಂಡಿ. ತಗಡಿನ ಡಬ್ಬದಲ್ಲಿ ಮಟ್ಟಸವಾಗಿ ಇಟ್ಟು, ಖಾಲಿ ಉಳಿದ ಜಾಗಕ್ಕೆ ಪೇಪರ್ ತುರುಕಿ. ಅದರ ಮೇಲೆ ಏನೂ ಇಡಬಾರದು. ಗಾಳಿಯಾಡಿದರೆ ಮೆತ್ತಗಾಗುತ್ತದೆ. ಚಕ್ಕುಲಿಗೂ ಇದೇ ಕ್ರಮ.

ಹಲಸಿನ ಹಪ್ಪಳ: ಕರಿಯದೆ ಒಯ್ದರೆ ಹಾಸ್ಟೆಲಿನಲ್ಲಿ ಕರಿಯಲು ಒಲೆಯಿಲ್ಲ, ಕರಿದದ್ದು ಒಯ್ದರೆ ನಾಲ್ಕು ದಿನಕ್ಕೆ ಮೆತ್ತಗೆ. ಕರಿದದ್ದನ್ನೇ ಸ್ವಲ್ಪ ಒಯ್ದು ಎರಡು ದಿನದಲ್ಲಿ ಮುಗಿಸಿ. ಇಸ್ತ್ರಿ ಪೆಟ್ಟಿಗೆಯ ಮೇಲೆ ಸುಡುವ ಪ್ರಯೋಗ ಆಗಿಹೋಗಿದೆ. ಹಪ್ಪಳ ಸುಡಲಿಲ್ಲ, ಇಸ್ತ್ರಿ ಪೆಟ್ಟಿಗೆ ಸುಟ್ಟಿತು.

ಒಣ ಮೀನು: ಕಾರವಾರದವರಿಗೆ ಬಿಡಲಾಗದು, ರೂಮಿನವರಿಗೆ ತಡೆಯಲಾಗದು. ಕಳಿಸಲೇಬೇಕು ಎಂದರೆ ಮನೆಯಲ್ಲೇ ಹುರಿದು ಚಟ್ನಿಪುಡಿ ಮಾಡಿಸಿ, ಚಿಕ್ಕ ಡಬ್ಬಿ, ಮೂರು ಚೀಲ. ಹಸಿ ವಾಸನೆಯ ಒಣ ಬಂಗುಡೆ ಬಸ್ಸಿನ ಮೇಲಿನ ಕ್ಯಾರಿಯರಿನಲ್ಲಿಟ್ಟರೆ ಕಂಡಕ್ಟರು ಹುಬ್ಬಳ್ಳಿ ತನಕ ನಿಮ್ಮನ್ನೇ ನೋಡುತ್ತಿರುತ್ತಾರೆ.

ಒಂದೇ ವಸ್ತು ಒಯ್ಯಲು ಜಾಗವಿದೆ ಎಂದರೆ ಕಷಾಯ ಪುಡಿ ಆರಿಸಿ. ಸೋರುವುದಿಲ್ಲ, ಒಡೆಯುವುದಿಲ್ಲ, ಯಾರೂ ಕದಿಯುವುದೂ ಇಲ್ಲ. ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಮುರುಗಲ (ಕೋಕಂ) ಒಣಸಿಪ್ಪೆ ಎರಡನೇ ಸ್ಥಾನ.

ಕೊನೆಗೆ ತಿಂಡಿಯನ್ನು ಮೂರು ಪಾಲು ಮಾಡಿ. ದೊಡ್ಡ ಪಾಲು ರೂಮಿನವರೆದುರು ತೆರೆಯಲು, ಸಣ್ಣದೊಂದು ಅಕ್ಕಪಕ್ಕದ ರೂಮಿನವರಿಗೆ. ಮೂರನೆಯದು ಇದೆ ಎಂದು ಯಾರಿಗೂ ಹೇಳುವ ಹಾಗಿಲ್ಲ. ಪಾಲು ಮಾಡದೆ ಒಂದೇ ಡಬ್ಬ ತಂದವರ ಚಕ್ಕುಲಿಗೆ ಹತ್ತು ನಿಮಿಷದ ಆಯುಸ್ಸು.

ಹಂತ 9: ಹಾಸ್ಟೆಲಿನಲ್ಲಿ ಮೊದಲ ಒಂದು ಗಂಟೆ

ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಆರಕ್ಕೆ ಬಂದಿರುತ್ತೀರಿ. ಹಾಸಿಗೆಯ ಮೇಲೆ ಕೂರಬೇಡಿ. ಕೂತವರು ಒರಗುತ್ತಾರೆ, ಒರಗಿದವರು ಏಳುವುದು ಹನ್ನೊಂದಕ್ಕೆ, ಅಲ್ಲಿಗೆ ಹಂತ 2ರ ಲೆಕ್ಕವೆಲ್ಲ ನೀರುಪಾಲು. ಮೊದಲು ಉಪ್ಪಿನಕಾಯಿ ಡಬ್ಬಿ ತೆಗೆದು ತಳ ಒರೆಸಿ ನೋಡಿ. ಮೂರನೇ ಪಾಲಿಗೆ ಬೀಗ. ಜೋನಿ ಬೆಲ್ಲದ ಬಾಟಲಿಯನ್ನು ನೀರು ಹಾಕಿದ ತಟ್ಟೆಯ ನಡುವೆ ಇಡಿ, ಇಲ್ಲವಾದರೆ ಸಂಜೆಯೊಳಗೆ ಇಡೀ ಬ್ಲಾಕಿನ ಇರುವೆಗಳಿಗೆ ನೀವು ಊರಿಂದ ಬಂದದ್ದು ತಿಳಿಯುತ್ತದೆ. ಬಿಸಿನೀರು ಮುಗಿಯುವ ಮೊದಲು ಸ್ನಾನ. ಆಮೇಲೆ ವಾರ್ಡನ್ನಿನ ರಿಜಿಸ್ಟರಿನಲ್ಲಿ ಮರಳಿದ ದಿನ, ಗಂಟೆ, ಸಹಿ. ಇದನ್ನು ಮರೆತವರು ದಾಖಲೆಯ ಪ್ರಕಾರ ಇನ್ನೂ ಊರಿನಲ್ಲೇ ಇರುತ್ತಾರೆ, ಮನೆಗೆ ಫೋನ್ ಹೋಗುತ್ತದೆ.

ದೊಡ್ಡಬ್ಬಕ್ಕೂ ಹೋಗುವವರಿಗೆ ಇನ್ನೊಂದು ತಾರೀಖು. 2026ರಲ್ಲಿ ನರಕ ಚತುರ್ದಶಿ ನವೆಂಬರ್ 8ರ ಭಾನುವಾರ, ಬಲಿಪಾಡ್ಯಮಿ 10ರ ಮಂಗಳವಾರ. ನವೆಂಬರ್ 6ರ ಶುಕ್ರವಾರ ರಾತ್ರಿಯ ತಾಳಗುಪ್ಪ ರೈಲಿಗೆ ಬುಕಿಂಗ್ ತೆರೆಯುವುದು ಸೆಪ್ಟೆಂಬರ್ 7ಕ್ಕೆ, ಅಂದರೆ ನೀವು ಚೌತಿಗೆ ಹೊರಡುವ ನಾಲ್ಕು ದಿನ ಮೊದಲೇ. ಇದನ್ನು ಚೌತಿಯಿಂದ ಮರಳಿ ಬಂದು ಓದುತ್ತಿದ್ದರೆ, ವೇಟಿಂಗ್ ಲಿಸ್ಟ್ ಎಷ್ಟಕ್ಕೆ ಮುಟ್ಟಿದೆ ಎಂದು ಈಗಲೇ ನೋಡಿ.